ರೂಟರ್ ಬದಲಾಯಿತು, ಹೂಮಳೆಯ ಲೆಕ್ಕ ತಪ್ಪಿತು: ಒಂದು ತೋಟದ ಮನೆಯ ಪ್ರಕರಣ

ಫೆಬ್ರವರಿ ಕೊನೆ. ಒಂದು ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಬಂತು. "ತೋಟದ ವೆದರ್ ಸ್ಟೇಷನ್ ಮಂಗಳವಾರದಿಂದ ಸುದ್ದಿನೇ ಇಲ್ಲ. ಬ್ಯಾಟರಿ ಬದಲಿಸಿದ್ದಾಯ್ತು, ರೀಸೆಟ್ ಮಾಡಿದ್ದಾಯ್ತು. ಇನ್ನೇನು ಮಾಡ್ಬೇಕು?"

ನಾನು ಮೊದಲು ಕೇಳಿದ್ದು, ಮಂಗಳವಾರ ಮನೆಯಲ್ಲಿ ಏನಾದರೂ ಬದಲಾಯಿತಾ ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದು, ಅವತ್ತೇ ಫೈಬರ್ ಹಾಕಿಸಿದ್ವಿ" ಎಂದರು.

ಮೂರು ದಿನ ಯಾರೂ ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಿರಲಿಲ್ಲ. ಆ ಮೂರು ದಿನದಲ್ಲಿ ಏನೇನಾಯಿತು, ಮುಂದಿನ ಒಂದು ವಾರದಲ್ಲಿ ಏನಾಯಿತು ಎನ್ನುವುದನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಯಂತ್ರದ ಕಂಪನಿ, ಇಂಟರ್ನೆಟ್ ಕೊಟ್ಟವರ ಹೆಸರು ಇಲ್ಲಿ ಬೇಕಾಗಿಲ್ಲ. ಇದು ಯಾವ ಕಂಪನಿಯ ಯಂತ್ರದಲ್ಲಾದರೂ ಆಗಬಹುದು.

ಹಿನ್ನೆಲೆ

ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಸುಮಾರು 900 ಮೀಟರ್ ಎತ್ತರ. ಜಾಸ್ತಿ ರೊಬಸ್ಟಾ, ಮೇಲಿನ ಪಟ್ಟೆಯಲ್ಲಿ ಸ್ವಲ್ಪ ಅರೇಬಿಕಾ. ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರು ತೋಟದಲ್ಲೇ ಇರುತ್ತಾರೆ. ಮಗಳು ಬೆಂಗಳೂರಿನಲ್ಲಿದ್ದುಕೊಂಡು ನೀರು, ಗೊಬ್ಬರ, ಆಳುಗಳ ಲೆಕ್ಕವನ್ನೆಲ್ಲ ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಲೆಕ್ಕಪತ್ರ ಬರೆಯುವ ಯುವಕನೊಬ್ಬ ಇದ್ದಾನೆ. ತೋಟಗಳಲ್ಲಿ ಈ ಕೆಲಸದವರನ್ನು ರೈಟರ್ ಅಂತಲೇ ಕರೆಯುತ್ತಾರೆ.

ಮಳೆ ಲೆಕ್ಕ ಈ ಮನೆಗೆ ಹೊಸದಲ್ಲ. ಯಜಮಾನರ ತಂದೆಯ ಕಾಲದಿಂದಲೂ ಅಂಗಳದಲ್ಲಿ ತಾಮ್ರದ ಮಳೆಮಾಪಕ ಇದೆ, ಪಕ್ಕದಲ್ಲಿ ಅಳತೆಯ ಗಾಜು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಳೆದು ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆ ದಿನದ ಮಳೆ ಎಣಿಸುವುದೂ ಬೆಳಿಗ್ಗೆ 8:30ರಿಂದ ಮರುದಿನ 8:30ರ ತನಕ. ತೋಟದವರ ಬಾಯಲ್ಲಿ ಮಳೆ ಮಿಲಿಮೀಟರ್ ಅಲ್ಲ, ಇಂಚು ಮತ್ತು ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿ.ಮೀ.

ನಾಲ್ಕು ವರ್ಷದ ಹಿಂದೆ ನಾನೇ ಹೋಗಿ ವೆದರ್ ಸ್ಟೇಷನ್ ಹಾಕಿಕೊಟ್ಟಿದ್ದೆ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಕಬ್ಬಿಣದ ಕಂಬ. ಕಂಬದ ಮೇಲೆ ಗಾಳಿ, ಮಳೆ, ಬಿಸಿಲು, ತೇವ ಅಳೆಯುವ ಸೆನ್ಸರ್. ಮನೆಯೊಳಗೆ ಆಫೀಸ್ ಕೋಣೆಯ ಗೋಡೆಗೆ ಒಂದು ಪರದೆ. ಮಳೆ ಅಳೆಯುವ ಭಾಗದೊಳಗೆ ಏತದ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗುವ ಪುಟ್ಟ ಬಟ್ಟಲು ಇದೆ. ಒಂದು ಸಲ ಬಗ್ಗಿದರೆ 0.254 ಮಿ.ಮೀ., ಅಂದರೆ ಸರಿಯಾಗಿ ಒಂದು ಸೆಂಟ್. ಇದನ್ನು ತಿಳಿದಾಗ ಯಜಮಾನರಿಗೆ ಆದ ಖುಷಿ ನನಗೆ ಇವತ್ತಿಗೂ ನೆನಪಿದೆ. "ಹಾಗಾದ್ರೆ ಇದು ನಮ್ಮ ಭಾಷೆನೇ ಮಾತಾಡುತ್ತೆ ಅನ್ನಿ" ಎಂದಿದ್ದರು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ಇಂಥ ಸ್ಟೇಷನ್‌ನಲ್ಲಿ ದಾರಿ ಎರಡು. ಕಂಬದಿಂದ ಪರದೆಗೆ ಮಾಹಿತಿ ಬರುವುದು ತನ್ನದೇ ರೇಡಿಯೋ ಮೂಲಕ. ಅದಕ್ಕೂ ವೈ-ಫೈಗೂ ಸಂಬಂಧವೇ ಇಲ್ಲ. ಪರದೆಯಿಂದ ಹೊರಗಿನ ಸರ್ವರ್‌ಗೆ ಹೋಗಲು ಮಾತ್ರ ವೈ-ಫೈ ಬೇಕು. ರೂಟರ್ ಬದಲಾದರೆ ಮುರಿಯುವುದು ಎರಡನೇ ದಾರಿ. ಮೊದಲನೆಯದು ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಅಳತೆ ನಿಲ್ಲುವುದಿಲ್ಲ.

ಇನ್ನು ಫೆಬ್ರವರಿ, ಮಾರ್ಚ್ ಏಕೆ ಮುಖ್ಯ ಎಂದು ತೋಟದವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಕಾಫಿ ಮೊಗ್ಗು ಬೇಸಿಗೆಯ ಮೊದಲ ಒಳ್ಳೆ ಮಳೆಗಾಗಿ ಕಾಯುತ್ತಿರುತ್ತದೆ. ಅದೇ ಹೂಮಳೆ, ತೋಟದವರು ಬ್ಲಾಸಂ ಮಳೆ ಅಂತಾರೆ. ಒಂದು ಇಂಚಿನ ಆಸುಪಾಸು ಬಿದ್ದರೆ ಎಂಟು ಹತ್ತು ದಿನಕ್ಕೆ ಗಿಡ ಪೂರ್ತಿ ಬೆಳ್ಳಗಾಗುತ್ತದೆ. ಹತ್ತು ಹದಿನೈದು ಸೆಂಟ್ ಬಿದ್ದು ನಿಂತರೆ ಕಷ್ಟ. ಮೊಗ್ಗು ಅರ್ಧ ಎದ್ದು ಕೆಡುತ್ತದೆ. ಆಗ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಹಾಗಾಗಿ 11 ಸೆಂಟಾ, 110 ಸೆಂಟಾ ಅನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಪಕ್ಕದ ತೋಟದವರನ್ನು ಕೇಳಿದರೆ ಆಗಲ್ಲ. ನಮ್ಮ ಕಡೆ ಬೇಸಿಗೆ ಮಳೆ ರಸ್ತೆಯ ಈಚೆ ಬಿದ್ದು ಆಚೆ ಬೀಳದೇ ಹೋಗುತ್ತದೆ.

ಮೊದಲ ಮೂರು ದಿನ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹುಡುಗರು ಬಂದು ಹಳೆಯ ತಾಮ್ರದ ತಂತಿಯ ಸಂಪರ್ಕ ತೆಗೆದರು. ಫೈಬರ್ ಎಳೆದು, ಹೊಸ ರೂಟರ್ ಇಟ್ಟು, ಯಜಮಾನರ ಫೋನಿಗೆ ವೈ-ಫೈ ಹಾಕಿಕೊಟ್ಟು ಹೋದರು. ಹಳೆಯ ರೂಟರ್ ಅವರ ಜೊತೆಗೇ ಹೋಯಿತು. ಸರ್ವರ್‌ನಲ್ಲಿ ಕೊನೆಯ ಅಂಕಿ ಬಂದ ಸಮಯ 11:40.

ಬುಧವಾರ ರಾತ್ರಿ ಮಗಳು ಗ್ರಾಫ್ ನಿಂತಿರುವುದನ್ನು ನೋಡಿ, ಸೆನ್ಸರ್ ಬ್ಯಾಟರಿ ಹೋಗಿರಬೇಕು ಅಂದುಕೊಂಡರು. ಗುರುವಾರ ಬೆಳಿಗ್ಗೆ ಮೇಸ್ತ್ರಿ ಏಣಿ ಹಾಕಿ ಕಂಬ ಹತ್ತಿ ಬ್ಯಾಟರಿ ಬದಲಿಸಿದರು. ಏನೂ ಆಗಲಿಲ್ಲ. ಆಗ ಯಾರಾದರೂ ಒಳಗೆ ಹೋಗಿ ಪರದೆಯ ಮುಂದೆ ಒಂದು ನಿಮಿಷ ನಿಂತಿದ್ದರೆ ಸಾಕಿತ್ತು. ಗಾಳಿಯ ಅಂಕಿ ಬದಲಾಗುತ್ತಲೇ ಇತ್ತು, ಕಂಬದ ಮೇಲೆ ಯಾವ ತೊಂದರೆಯೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ರೈಟರ್ ಒಂದು ವಿಡಿಯೋ ನೋಡಿದ. ಸೂಜಿಪಿನ್ ತಗೊಂಡು ಪರದೆಯ ಹಿಂದಿನ ಸಣ್ಣ ತೂತಿಗೆ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ವೈ-ಫೈ ಮಾತ್ರ ಬರಲಿಲ್ಲ.

ಇಡೀ ಪ್ರಕರಣದಲ್ಲಿ ಜಾಸ್ತಿ ನಷ್ಟ ಆಗಿದ್ದು ಈ ಹತ್ತು ಸೆಕೆಂಡಿನಲ್ಲಿ. ರೀಸೆಟ್ ಹಳೆಯ ವೈ-ಫೈ ಹೆಸರನ್ನಷ್ಟೇ ಅಳಿಸಲಿಲ್ಲ. ಸರ್ವರ್‌ಗೆ ಕಳಿಸಲು ಬೇಕಾದ ಸ್ಟೇಷನ್ ಐಡಿ ಮತ್ತು ಕೀ, ಅಂದರೆ ಅದರ ಗುಟ್ಟಿನ ಸಂಕೇತ, ಹೋಯಿತು. ವಾಯುಭಾರಕ್ಕೆ ಕೊಟ್ಟಿದ್ದ ತಿದ್ದುಪಡಿ ಹೋಯಿತು. ಜನವರಿಯಿಂದ ಕೂಡಿಟ್ಟ ಮಳೆ ಮೊತ್ತ ಹೋಯಿತು. ಟೈಮ್ ಝೋನ್ ಹೋಯಿತು. ಒಂದನ್ನೂ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಹುಡುಗನನ್ನು ನಾನು ದೂರುವುದಿಲ್ಲ. ಫೋನ್ ಕೆಟ್ಟರೆ, ಟಿವಿ ಕೆಟ್ಟರೆ ನಾವೆಲ್ಲ ಮಾಡುವುದು ಅದನ್ನೇ. ಸ್ಟೇಷನ್ ಹಾಕಿದ ದಿನವೇ ಎಲ್ಲವನ್ನೂ ಬರೆದು ಕೊಡಬೇಕಿದ್ದವನು ನಾನು.

ಪಾಸ್‌ವರ್ಡ್ ತಪ್ಪಾ?

ಶನಿವಾರ ನಾನೇ ಹೋದೆ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಕಣದ ತುಂಬ ಹಣ್ಣು ಹರಡಿತ್ತು. ಆಫೀಸ್ ಕೋಣೆಗೆ ಹೋದ ಕೂಡಲೇ ಯಜಮಾನರು ಒಂದು ಮಾತು ಹೇಳಿದರು. "ಇವ್ರೇ, ಆ ಪರದೆ ಗಡಿಯಾರನೂ ಹಿಂದಕ್ಕೆ ಹೋಗಿದೆ ನೋಡಿ." ಮೊದಲು ಸಂಪರ್ಕ ಬರಲಿ, ಗಡಿಯಾರ ಆಮೇಲೆ ಸರಿ ಮಾಡೋಣ ಅಂದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಸ್ಟೇಷನ್‌ಗೆ ಹೊಸ ವೈ-ಫೈ ಹೇಳಿಕೊಡುವ ಕ್ರಮ ಹೀಗೆ. ಪರದೆಯ ಒಂದು ಗುಂಡಿ ಒತ್ತಿ ಹಿಡಿದರೆ ಅದು ತಾನೇ ಒಂದು ಪುಟ್ಟ ವೈ-ಫೈ ಹರಡುತ್ತದೆ. ನಮ್ಮ ಫೋನನ್ನು ಅದಕ್ಕೆ ಸೇರಿಸಬೇಕು. ಆಪ್‌ನಲ್ಲಿ ಅಥವಾ ಬ್ರೌಸರ್‌ನಲ್ಲಿ 192.168.4.1 ಎಂದು ಕೊಟ್ಟು ಅದರ ಪುಟ ತೆರೆದು, ಮನೆಯ ವೈ-ಫೈ ಹೆಸರು, ಪಾಸ್‌ವರ್ಡ್ ತುಂಬಬೇಕು.

ರೈಟರ್ ಇದನ್ನೂ ಮಾಡಲು ನೋಡಿದ್ದ, ಪುಟ ತೆರೆದಿರಲಿಲ್ಲ. ನನ್ನ ಮುಂದೆ ಮತ್ತೆ ಮಾಡಿದಾಗ ಕಾರಣ ಕಂಡಿತು. ಸ್ಟೇಷನ್‌ನ ವೈ-ಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲ ಅಲ್ವಾ? ಫೋನ್ ಅದನ್ನು ಗಮನಿಸಿ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತಿತ್ತು. ಮೇಲೆ ವೈ-ಫೈ ಗುರುತು ಇದ್ದೇ ಇತ್ತು, ಪುಟದ ವಿನಂತಿ ಮಾತ್ರ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಮೊಬೈಲ್ ಡೇಟಾ ಆಫ್ ಮಾಡಿದೆವು, ತಕ್ಷಣ ಪುಟ ಬಂತು.

ಹೊಸ ರೂಟರ್‌ನ ಹೆಸರು ಪಟ್ಟಿಯಲ್ಲಿ ಕಂಡಿತು. ಆರಿಸಿದೆವು, ಪಾಸ್‌ವರ್ಡ್ ಹಾಕಿದೆವು. ಅರ್ಧ ನಿಮಿಷ ಬಿಟ್ಟು ಆಪ್ ಹೇಳಿತು: ಸಂಪರ್ಕ ಆಗಲಿಲ್ಲ, ಪಾಸ್‌ವರ್ಡ್ ನೋಡಿಕೊಳ್ಳಿ.

ಇಲ್ಲಿ ನಾವು ಮುಕ್ಕಾಲು ಗಂಟೆ ಕಳೆದುಕೊಂಡೆವು. ಪಾಸ್‌ವರ್ಡ್ ಇದ್ದದ್ದು ರೂಟರ್ ಕೆಳಗಿನ ಚೀಟಿಯಲ್ಲಿ. ಅಕ್ಕಿಕಾಳಿಗಿಂತ ಸಣ್ಣ ಅಕ್ಷರ. ರೂಟರ್ ತಲೆಕೆಳಗು ಮಾಡಿ, ಟಾರ್ಚ್ ಬಿಟ್ಟು, ಸೊನ್ನೆಯಾ ಓ ಅಕ್ಷರವಾ, ಒಂದಾ ಎಲ್ ಅಕ್ಷರವಾ ಎಂದು ಮೂರು ಜನ ನೋಡಿದೆವು. ಏಳು ಸಲ ಬೇರೆ ಬೇರೆ ಥರ ಹಾಕಿದೆವು. ಪ್ರತಿ ಸಲ ಅದೇ ಉತ್ತರ.

ಯಂತ್ರ ‘ಪಾಸ್‌ವರ್ಡ್ ನೋಡಿ’ ಅಂದಾಗ ನಾವು ಪಾಸ್‌ವರ್ಡನ್ನೇ ನೋಡುತ್ತೇವೆ. ಆದರೆ ಈ ಸಣ್ಣ ಯಂತ್ರಗಳಿಗೆ ಹೇಳಲು ಗೊತ್ತಿರುವ ಮಾತೇ ಒಂದೆರಡು. ರೂಟರ್ ಜೊತೆ ಕೈಕುಲುಕುವ ಶಾಸ್ತ್ರದಲ್ಲಿ, ಅಂದರೆ ಸಂಪರ್ಕ ಕೂಡಿಸುವ ಹಂತಗಳಲ್ಲಿ, ಎಲ್ಲಿ ತಪ್ಪಿದರೂ ಅವು ಅದನ್ನೇ ಹೇಳುತ್ತವೆ.

ಹಳೆಯ ಫೋನ್ ಕೊಟ್ಟ ಸಾಕ್ಷಿ

ತಿರುವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಕಿಟಕಿಯ ಪಕ್ಕ ಒಂದು ಹಳೆಯ ಆಂಡ್ರಾಯ್ಡ್ ಫೋನ್ ಭಾವಗೀತೆ ಹಾಡುತ್ತಿತ್ತು. ಯಜಮಾನರ ಹೆಂಡತಿ ಹೇಳಿದರು, "ಇದಕ್ಕೂ ಮಂಗಳವಾರದಿಂದ ವೈ-ಫೈ ಬರ್ತಿಲ್ಲ. ನಾನು ಸಿಮ್ ಮೇಲೆ ಓಡಿಸ್ತಿದೀನಿ."

ಫೋನ್ ತೆಗೆದು ನೋಡಿದೆ. ಎಂಟು ವರ್ಷ ಹಳೆಯದು. ಅದೇ ಪಾಸ್‌ವರ್ಡ್ ಹಾಕಿದೆ, ಸೇರಲಿಲ್ಲ. ನನ್ನ ಹೊಸ ಫೋನಿನಲ್ಲಿ ಅಕ್ಷರಕ್ಕೆ ಅಕ್ಷರ ಅದನ್ನೇ ಹಾಕಿದೆ, ಸೇರಿತು. ಅಂದರೆ ಪಾಸ್‌ವರ್ಡ್ ಸರಿ ಇದೆ. ಹೊಸದಕ್ಕೆ ಆಗುತ್ತದೆ, ಹಳೆಯದಕ್ಕೆ ಆಗುವುದಿಲ್ಲ. ಹಾಗಾದರೆ ಹೊಸದಕ್ಕೂ ಹಳೆಯದಕ್ಕೂ ನಡುವೆ ಬದಲಾಗಿರುವುದು ಏನು?

ವೈ-ಫೈನ ಬೀಗ, ಅಂದರೆ ಪಾಸ್‌ವರ್ಡ್ ಪರೀಕ್ಷಿಸಿ ಒಳಗೆ ಬಿಡುವ ಭದ್ರತಾ ವಿಧಾನ. 2004ರಿಂದ ನಾವು ಬಳಸುತ್ತಿರುವ ಬೀಗದ ಹೆಸರು ಡಬ್ಲ್ಯುಪಿಎ2. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಆಂಡ್ರಾಯ್ಡ್ ಫೋನುಗಳಿಗೆ ಅದು ಅರ್ಥವಾಗಲು ಶುರುವಾಗಿದ್ದು 10ನೇ ಆವೃತ್ತಿಯಿಂದ, ಅಂದರೆ 2019ರಿಂದ. ಅಡುಗೆಮನೆಯ ಫೋನ್ ಅದಕ್ಕೂ ಹಳೆಯದು. ನಮ್ಮ ಸ್ಟೇಷನ್ನಿನ ವೈ-ಫೈ ಚಿಪ್ ಕೂಡ ಹಳೆಯ ಕಾಲದ್ದೇ.

ಬ್ರೌಸರ್‌ನಲ್ಲಿ 192.168.1.1 ಕೊಟ್ಟು ರೂಟರ್ ಒಳಗೆ ಹೋದೆವು. ಊಹೆ ಸರಿಯಾಗಿತ್ತು. ಭದ್ರತೆ ಎನ್ನುವಲ್ಲಿ ‘ಡಬ್ಲ್ಯುಪಿಎ3 ಮಾತ್ರ’ ಎಂದಿತ್ತು. ಇನ್ನೊಂದೂ ಕಂಡಿತು. ವೈ-ಫೈ ಹರಡುವ 2.4 ಮತ್ತು 5 ಗಿಗಾಹರ್ಟ್ಸ್ ಎನ್ನುವ ಎರಡು ರೇಡಿಯೋ ಬ್ಯಾಂಡ್‌ಗಳಿಗೂ ಒಂದೇ ಹೆಸರು, ಯಾರನ್ನು ಎಲ್ಲಿ ಕೂರಿಸಬೇಕು ಎಂದು ರೂಟರ್ ತಾನೇ ನಿರ್ಧರಿಸುತ್ತಿತ್ತು. ಮನೆಬಳಕೆಯ ವೆದರ್ ಸ್ಟೇಷನ್‌ಗಳಲ್ಲಿ ಬಹುಪಾಲು 2.4 ಮಾತ್ರ ಬಲ್ಲವು. ಅದರಿಂದ ತೊಂದರೆಯೇನಿಲ್ಲ. 2.4ಕ್ಕೆ ವೇಗ ಕಡಿಮೆ, ಆದರೆ ದಪ್ಪ ಗೋಡೆ ದಾಟುವ ಶಕ್ತಿ ಜಾಸ್ತಿ. ನಿಮಿಷಕ್ಕೊಮ್ಮೆ ನಾಲ್ಕು ಅಂಕಿ ಕಳಿಸುವ ಯಂತ್ರಕ್ಕೆ ವೇಗ ಯಾಕೆ ಬೇಕು?

ಯಾವ ದಾರಿ ಹಿಡಿಯೋಣ

ಈಗ ಮೂರು ದಾರಿ ಇತ್ತು. ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಸೋಮವಾರದ ತನಕ ಕಾಯುವುದು ಒಂದು. ಅತಿಥಿಗಳಿಗೆಂದು ಬೇರೆ ವೈ-ಫೈ ಹೆಸರು ಮಾಡಿ, ಅದಕ್ಕೆ ಹಳೆಯ ಬೀಗ ಹಾಕಿ ಸ್ಟೇಷನ್ ಸೇರಿಸುವುದು ಇನ್ನೊಂದು. ರೈಟರ್‌ಗೆ ಇದು ಇಷ್ಟವಾಯಿತು, ನನಗೂ ಬೇಡ ಅನಿಸಲಿಲ್ಲ. ಆದರೆ ಅತಿಥಿ ವೈ-ಫೈಯಲ್ಲಿ ಇರುವ ಯಂತ್ರವನ್ನು ಮನೆಯ ಉಳಿದ ಫೋನುಗಳಿಗೆ ರೂಟರ್ ಸಾಮಾನ್ಯವಾಗಿ ತೋರಿಸುವುದಿಲ್ಲ. ಸರ್ವರ್‌ಗೆ ಅಂಕಿ ಹೋಗುತ್ತದೆ, ಮನೆಯೊಳಗಿಂದ ಆಪ್ ತೆರೆದು ಸೆಟ್ಟಿಂಗ್ ಮುಟ್ಟಲು ಹೋದರೆ ಸಿಗುವುದಿಲ್ಲ. ಮುಂದೆ ಇನ್ನೊಂದು ಗೊಂದಲ.

ನಾವು ಮೂರನೆಯದನ್ನು ಹಿಡಿದೆವು. ಎರಡು ಬ್ಯಾಂಡ್‌ಗಳನ್ನು ಬೇರೆ ಮಾಡಿದೆವು. 5 ಗಿಗಾಹರ್ಟ್ಸ್‌ಗೆ ಹೊಸ ಹೆಸರು, ಹೊಸ ಬೀಗ ಹಾಗೇ ಇರಲಿ ಎಂದು ಬಿಟ್ಟೆವು. 2.4ಕ್ಕೆ ಡಬ್ಲ್ಯುಪಿಎ2 ಹಾಕಿದೆವು. ಅದಕ್ಕೆ ಹಳೆಯ ರೂಟರ್‌ನ ಹೆಸರನ್ನೇ ಕೊಟ್ಟೆವು, ಹಳೆಯ ಪಾಸ್‌ವರ್ಡನ್ನೇ ಕೊಟ್ಟೆವು. ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಅಡ್ಡಗೆರೆ ಎಲ್ಲ ಮೊದಲು ಇದ್ದ ಹಾಗೆಯೇ.

ಸೇವ್ ಒತ್ತಿ ಎರಡು ನಿಮಿಷ ಆಗಿರಲಿಲ್ಲ. ಅಡುಗೆಮನೆಯ ಫೋನ್ ತಾನಾಗಿ ವೈ-ಫೈಗೆ ಬಂತು. ಮೂಲೆಯ ಪ್ರಿಂಟರ್ ಬಂತು. ಕೆರೆ ಮೋಟರಿನ ಸ್ಟಾರ್ಟರ್‌ಗೆ ಹಾಕಿದ್ದ ವೈ-ಫೈ ಸ್ವಿಚ್ ಬಂತು. ಅದು ಹೋಗಿದ್ದೇ ಯಾರಿಗೂ ಗೊತ್ತಿರಲಿಲ್ಲ! ಯಾವುದನ್ನೂ ನಾವು ಮುಟ್ಟಿರಲಿಲ್ಲ. ಅವುಗಳ ಪಾಲಿಗೆ ರೂಟರ್ ಬದಲಾಗಿರಲೇ ಇಲ್ಲ. ಹಳೆಯ ಹೆಸರು ಕರೆಯಿತು, ಓಗೊಟ್ಟವು.

ತಾನಾಗಿ ಬರದೇ ಉಳಿದಿದ್ದು ಸ್ಟೇಷನ್ ಒಂದೇ. ರೀಸೆಟ್ ಆಗಿ ಅದಕ್ಕೆ ಹಳೆಯ ಹೆಸರು ಮರೆತುಹೋಗಿತ್ತು. ಆ ಕ್ಷಣದಲ್ಲಿ ರೈಟರ್ ಮುಖ ನೋಡಿದೆ, ಅವನಿಗೆ ಪೂರ್ತಿ ಅರ್ಥವಾಗಿತ್ತು. ಮಂಗಳವಾರವೇ ಈ ಐದು ನಿಮಿಷದ ಕೆಲಸ ಮಾಡಿದ್ದರೆ ಯಾರೂ ಕಂಬ ಹತ್ತಬೇಕಿರಲಿಲ್ಲ, ಪಿನ್ ಒತ್ತಬೇಕಿರಲಿಲ್ಲ. ಮನೆಯಲ್ಲಿ ಹತ್ತು ಯಂತ್ರ ಹಳೆಯವು, ಹೊಸದು ಒಂದೇ. ಹತ್ತನ್ನೂ ಹೊಸದಕ್ಕೆ ಹೊಂದಿಸುವ ಬದಲು ಆ ಒಂದನ್ನು ಹತ್ತಕ್ಕೆ ಹೊಂದಿಸಬೇಕಿತ್ತು.

ಹಳೆಯ ಬೀಗ ಹಾಕುವುದು ಅಪಾಯ ಅಲ್ವಾ ಎಂದು ಮಗಳು ಫೋನಿನಲ್ಲಿ ಕೇಳಿದರು. ಸರಿಯಾದ ಪ್ರಶ್ನೆ. ಉದ್ದದ, ಊಹಿಸಲಾಗದ ಪಾಸ್‌ವರ್ಡ್ ಇದ್ದರೆ ಡಬ್ಲ್ಯುಪಿಎ2 ಇವತ್ತಿಗೂ ಮನೆಗೆ ಸಾಕು. ಅವರದ್ದು ಉದ್ದವಾಗಿಯೇ ಇತ್ತು. ಅದಕ್ಕಿಂತ ದೊಡ್ಡ ತೂತು ರೂಟರ್ ಒಳಗೆ ಹೋಗುವ ಪಾಸ್‌ವರ್ಡ್. ಅದು ಪೆಟ್ಟಿಗೆಯಿಂದ ಬಂದ ಹಾಗೇ ಇತ್ತು, ಅವತ್ತೇ ಬದಲಿಸಿದೆವು.

ಸ್ಟೇಷನ್‌ಗೆ ಮತ್ತೆ ಹಳೆಯ ಹೆಸರು, ಪಾಸ್‌ವರ್ಡ್ ಕೊಟ್ಟೆವು. ಇಪ್ಪತ್ತು ಸೆಕೆಂಡಿಗೆ ಪರದೆಯ ಮೂಲೆಯಲ್ಲಿ ವೈ-ಫೈ ಗುರುತು ಮಿನುಗುವುದು ನಿಂತು ಸ್ಥಿರವಾಯಿತು. ರೂಟರ್‌ನ ಪಟ್ಟಿಯಲ್ಲೂ ಅದರ ವಿಳಾಸ ಕಂಡಿತು. ಆದರೂ ಸರ್ವರ್‌ನಲ್ಲಿ ಅಂಕಿ ಇಲ್ಲ. ಐಡಿ ಮತ್ತು ಕೀ ಅಳಿಸಿಹೋಗಿತ್ತಲ್ಲ. ಮಗಳು ನಾಲ್ಕು ವರ್ಷದ ಹಿಂದಿನ ಮೇಲ್ ಹುಡುಕಿ ಕಳಿಸಿದರು. ಹಾಕಿದ ಮರುನಿಮಿಷ ಗ್ರಾಫಿನಲ್ಲಿ ಹೊಸ ಚುಕ್ಕೆ ಬಿತ್ತು. ಊಟ ಮಾಡಿ ಹೊರಟೆ. ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಮಂಗಳವಾರ ಬೆಳಗಿನ 11 ಸೆಂಟ್

ಸೋಮವಾರ ಸಂಜೆ ಏಳೂಮುಕ್ಕಾಲಿಗೆ ಗುಡುಗು ಶುರುವಾಯಿತು. ಕರೆಂಟ್ ಹೋಯಿತು. ರೂಟರ್ ಆರಿತು. ಪರದೆಗೆ ಒಳಗೆ ಬ್ಯಾಟರಿ ಇದ್ದದ್ದರಿಂದ ಅದು ಎಣಿಸುತ್ತಲೇ ಇತ್ತು. ಆಮೇಲೆ ಒಂದೂವರೆ ಗಂಟೆ ಕಾಲ ಒಳ್ಳೆ ಮಳೆ. ಬೆಳಗಿನ ಜಾವ ಐದಕ್ಕೆ ಮತ್ತೆ ಸಣ್ಣಗೆ ಹಿಡಿದು ಆರೂಕಾಲಿಗೆ ಬಿಟ್ಟಿತು. ಕರೆಂಟ್ ಬಂದಾಗ ಆರು ಗಂಟೆ.

ಏಳಕ್ಕೆ ಬೆಂಗಳೂರಿನಲ್ಲಿ ಮಗಳು ಫೋನ್ ತೆರೆದರು. ರಾತ್ರಿಯಿಡೀ ಗ್ರಾಫ್ ಖಾಲಿ. ಇಂದಿನ ಮಳೆ: 11 ಸೆಂಟ್. ಅವರ ಎದೆ ಧಸಕ್ಕೆಂದಿತು. ಮೊಗ್ಗು ಎಬ್ಬಿಸಿ ಕೈಬಿಡುವಷ್ಟೇ ಮಳೆ. ತಕ್ಷಣ ಮೇಸ್ತ್ರಿಗೆ ಫೋನ್ ಮಾಡಿ, ಕೆಳಗಿನ ಪಟ್ಟೆಗೆ ಸ್ಪ್ರಿಂಕ್ಲರ್ ಪೈಪ್ ಸಾಗಿಸಲು ಹೇಳಿದರು. ಅವರ ನಿರ್ಧಾರದಲ್ಲಿ ತಪ್ಪಿಲ್ಲ, ಆ ಅಂಕಿ ನಂಬಿದರೆ ಮಾಡಬೇಕಾದದ್ದು ಅದೇ.

ಎಂಟೂವರೆಗೆ ಯಜಮಾನರು ಎಂದಿನಂತೆ ಅಂಗಳಕ್ಕೆ ಇಳಿದರು. ತಾಮ್ರದ ಪಾತ್ರೆಯ ನೀರನ್ನು ಗಾಜಿಗೆ ಸುರಿದರು. ಗಾಜು ಒಂದು ಸಲ ತುಂಬಿತು, ಚೆಲ್ಲಿ ಮತ್ತೆ ಸುರಿದರು. ಎಲ್ಲ ಸೇರಿ 1 ಇಂಚು 9 ಸೆಂಟ್. ತಲೆ ಎತ್ತಿದರೆ ಟ್ರ್ಯಾಕ್ಟರ್‌ಗೆ ಪೈಪ್ ಏರಿಸುತ್ತಿದ್ದಾರೆ. "ಯಾಕ್ರೋ?" ಅಂದರು. ಮೇಸ್ತ್ರಿ ಹೇಳಿದ್ದು ಕೇಳಿ, ಎಲ್ಲವನ್ನೂ ಇಳಿಸಲು ಹೇಳಿ ನನಗೆ ಫೋನ್ ಮಾಡಿದರು. "ನಿಮ್ಮ ಯಂತ್ರ 11 ಅಂತಿದೆ, ನನ್ನ ಗಾಜು 109 ಅಂತಿದೆ. ಗಾಜಿಗೆ ಸುಳ್ಳು ಹೇಳಿ ಗೊತ್ತಿಲ್ಲ."

ಪರದೆಯ ಮುಂದೆ ಹೋಗಿ ವಾರದ ಮಳೆ ಎಷ್ಟಿದೆ ಓದಿ ಅಂದೆ. 1.06 ಎಂದರು. ನನಗೆ ಉಸಿರು ಬಂದ ಹಾಗಾಯಿತು. ಬಟ್ಟಲು ಸರಿಯಾಗಿ ಎಣಿಸಿದೆ. ಗಾಜಿಗೂ ಅದಕ್ಕೂ ಮೂರು ಸೆಂಟ್ ವ್ಯತ್ಯಾಸ, ಅಷ್ಟು ಇದ್ದದ್ದೇ. ಹಾಗಾದರೆ 95 ಸೆಂಟ್ ‘ನಿನ್ನೆ’ಗೆ ಹೋಗಿದೆ, 11 ‘ಇಂದಿಗೆ’ ಬಂದಿದೆ. ಆದರೆ ಮಧ್ಯರಾತ್ರಿಯ ನಂತರ ಬಿದ್ದದ್ದು ಐದು ಗಂಟೆಯ ಮೇಲಿನ ಸಣ್ಣ ಮಳೆಯಷ್ಟೇ. ಅದೇ ಹನ್ನೊಂದಕ್ಕಿಂತ ಜಾಸ್ತಿ ಇತ್ತು ಅಂತ ಯಜಮಾನರು ಗಟ್ಟಿಯಾಗಿ ಹೇಳಿದರು. ಅವರು ಎದ್ದು ಜಗಲಿಯಲ್ಲಿ ಕೂತು ನೋಡಿದ್ದರು. ಹಾಗಾದರೆ ಸ್ಟೇಷನ್‌ಗೆ ದಿನ ಬದಲಾದದ್ದು ಯಾವಾಗ?

"ಗಡಿಯಾರ ಈಗ ಎಷ್ಟು ತೋರಿಸ್ತಿದೆ?" ಕೇಳಿದೆ.

"ಈಗ ಒಂಬತ್ತು ಆಗ್ತಾ ಬಂತು. ಅದು ಮೂರೂವರೆ ಅಂತಿದೆ. ನಾನು ಶನಿವಾರನೇ ಹೇಳಿದ್ನಲ್ಲ."

ಹೇಳಿದ್ದರು. ಐದೂವರೆ ಗಂಟೆ ಹಿಂದೆ, ಅಂದರೆ ಗ್ರೀನಿಚ್ ಸಮಯ. ರೀಸೆಟ್ ಆದ ಮೇಲೆ ಸ್ಟೇಷನ್ ಇಂಟರ್ನೆಟ್‌ನಿಂದ ಸಮಯವನ್ನು ಸರಿಯಾಗಿಯೇ ತೆಗೆದುಕೊಂಡಿತ್ತು. ಅದಕ್ಕೆ 5:30 ಸೇರಿಸಬೇಕು ಎನ್ನುವ ಮಾತು ಮಾತ್ರ ಅಳಿಸಿಹೋಗಿತ್ತು. ಅದರ ಮಧ್ಯರಾತ್ರಿ ನಮ್ಮ ಬೆಳಗಿನ ಐದೂವರೆಗೆ ಆಗುತ್ತಿತ್ತು. ಐದೂವರೆಗೆ ಅದು 95ನ್ನು ನಿನ್ನೆಯ ಖಾತೆಗೆ ಹಾಕಿ ಸೊನ್ನೆಯಿಂದ ಶುರು ಮಾಡಿತು. ಆರಕ್ಕೆ ಕರೆಂಟ್ ಬಂದಾಗ ಸರ್ವರ್‌ಗೆ ಹೋದದ್ದು ಹೊಸ ಖಾತೆಯ ಅಂಕಿ ಮಾತ್ರ. 95 ಎನ್ನುವ ಅಂಕಿ ಬೆಂಗಳೂರಿಗೆ ತಲುಪಲೇ ಇಲ್ಲ.

ಯಜಮಾನರ ಆ ಒಂದು ಮಾತನ್ನು ಶನಿವಾರ ನಾನು ಗಂಭೀರವಾಗಿ ತಗೊಳ್ಳಬೇಕಿತ್ತು. ಗೋಡೆ ಗಡಿಯಾರ ತಪ್ಪಿದರೆ ತಿರುಗಿಸಿದರೆ ಆಯಿತು. ಅಳೆಯುವ ಯಂತ್ರದ ಗಡಿಯಾರ ತಪ್ಪಿದರೆ ಅಳತೆಯೇ ಬೇರೆ ದಿನಕ್ಕೆ ಹೋಗಿ ಕೂರುತ್ತದೆ. ಸ್ಟೇಷನ್ ಮುಂದೆ ದಿನವೂ ಓಡಾಡುವ ಮನುಷ್ಯ ಏನೋ ಬೇರೆ ಥರ ಇದೆ ಅಂದರೆ, ಅದನ್ನು ಆಮೇಲೆ ಎಂದು ಪಕ್ಕಕ್ಕಿಡುವುದನ್ನು ನಾನು ಅವತ್ತಿನಿಂದ ಬಿಟ್ಟಿದ್ದೇನೆ.

ಉಳಿದದ್ದನ್ನು ಸರಿ ಮಾಡಿದ್ದು

ಟೈಮ್ ಝೋನ್ ಸರಿ ಮಾಡಲು ಒಂದು ನಿಮಿಷ ಸಾಕಾಯಿತು. ಆಮೇಲೆ ಇನ್ನೇನು ಅಳಿಸಿರಬಹುದು ಎಂದು ಒಂದೊಂದಾಗಿ ನೋಡಿದೆವು. ವಾಯುಭಾರ 910 ಹೆಕ್ಟೊಪಾಸ್ಕಲ್ ಎಂದು ಸರ್ವರ್‌ಗೆ ಹೋಗುತ್ತಿತ್ತು. 900 ಮೀಟರ್ ಎತ್ತರದಲ್ಲಿ ನಿಜವಾದ ಒತ್ತಡ ಅಷ್ಟೇ ಇರುತ್ತದೆ. ಆದರೆ ಊರಿಂದ ಊರಿಗೆ ಹೋಲಿಸಲು ಅದನ್ನು ಸಮುದ್ರಮಟ್ಟಕ್ಕೆ ತಿದ್ದಿ ಕಳಿಸಬೇಕು, ಸುಮಾರು 100 ಕೂಡಿಸಬೇಕು. ಹಾಗೇ ಬಿಟ್ಟಿದ್ದರೆ ನಕ್ಷೆಯ ಮೇಲೆ ಸಕಲೇಶಪುರದಲ್ಲಿ ಚಂಡಮಾರುತ ನಿಂತ ಹಾಗೆ ಕಾಣುತ್ತಿತ್ತು.

ಜನವರಿಯಿಂದ ರೀಸೆಟ್ ಆಗುವ ತನಕ ಕೂಡಿದ ಮಳೆ 18 ಸೆಂಟ್ ಎಂದು ರಿಜಿಸ್ಟರ್ ನೋಡಿ ಕೈಯಲ್ಲೇ ತುಂಬಿದೆವು. ಆ ವಾರದ ಖಾಲಿ ದಿನಗಳಿಗೂ ರಿಜಿಸ್ಟರೇ ಆಧಾರ. ಮಂಗಳವಾರದಿಂದ ಶನಿವಾರದ ತನಕ ಐದು ಸಾಲು, ಐದಕ್ಕೂ ಸೊನ್ನೆ. ಸೊನ್ನೆಯನ್ನೂ ಯಜಮಾನರು ಬರೆಯುತ್ತಾರೆ. ಬರೆಯದೆ ಬಿಟ್ಟ ದಿನ ಬೇರೆ, ಮಳೆ ಬಾರದ ದಿನ ಬೇರೆ ಅಂತಾರೆ. ಆ ವಾರ ಅದರ ಬೆಲೆ ನನಗೂ ಗೊತ್ತಾಯಿತು. ಕಳೆದ ಮಳೆಗಾಲದ ಗಾಳಿಯ ದಾಖಲೆಗಳು ಪರದೆಯಿಂದ ಹೋಗಿದ್ದವು, ಸರ್ವರ್‌ನಲ್ಲಿ ಉಳಿದಿದ್ದವು.

ಇನ್ನು ಕರೆಂಟ್ ಹೋದಾಗ ರೂಟರ್ ಆರುವ ವಿಚಾರ. ರೂಟರ್‌ಗೆಂದೇ ಬರುವ ಪುಟ್ಟ ಯುಪಿಎಸ್ ಒಂದನ್ನು ತಂದು ಹಾಕಿದರು. ಬೇಸಿಗೆ ಮಳೆಗೂ ಕರೆಂಟ್ ಹೋಗುವುದಕ್ಕೂ ಇರುವ ನಂಟು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮಳೆ ಬರುವ ಹೊತ್ತಿಗೇ ಮಳೆ ಲೆಕ್ಕ ಹೊರಗೆ ಹೋಗದಿದ್ದರೆ ಸ್ಟೇಷನ್ ಇದ್ದೂ ಪ್ರಯೋಜನವಿಲ್ಲ. ಸರ್ಕಾರದ ಟೆಲಿಮೆಟ್ರಿಕ್ ಮಳೆಮಾಪಕಗಳು ಸೌರಫಲಕ, ಮೊಬೈಲ್ ಜಾಲದ ಮೇಲೆ ನಡೆಯುವುದು ಇದೇ ಕಾರಣಕ್ಕೆ. ಮನೆಯ ಸ್ಟೇಷನ್ ಮಾತ್ರ ಮನೆಯ ರೂಟರನ್ನೇ ನಂಬಿರುತ್ತದೆ.

ಹೂವು ಒಂಬತ್ತನೇ ದಿನ ಬಿರಿಯಿತು. ಕೆಳಗಿನ ಪಟ್ಟೆ ಪೂರ್ತಿ ಬೆಳ್ಳಗಿರುವ ಫೋಟೋ ಮಗಳು ಕಳಿಸಿದರು. ಕೆರೆಯ ನೀರು ಖರ್ಚಾಗದೆ ಉಳಿದಿತ್ತು. ಮಾರ್ಚ್‌ನಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂ ಬಿರಿದ ಮೇಲೆ ಬೇಕಾಗುವ ಎರಡನೇ ಮಳೆ, ತಡವಾದಾಗ ಅದೇ ನೀರು ಕೆಲಸಕ್ಕೆ ಬಂತು.

ಪರದೆಯ ಹಿಂದಿನ ಚೀಟಿ

ನಾನು ಮತ್ತೆ ಹೋದಾಗ ರೈಟರ್ ಒಂದು ರಟ್ಟಿನ ಚೀಟಿ ಮಾಡಿಟ್ಟಿದ್ದ. ರಿಜಿಸ್ಟರ್ ಬರೆಯುವ ಗುಂಡು ಅಕ್ಷರದಲ್ಲಿ ವೈ-ಫೈ ಹೆಸರು, ಪಾಸ್‌ವರ್ಡ್, 2.4 ಮಾತ್ರ, ಡಬ್ಲ್ಯುಪಿಎ2, ಸ್ಟೇಷನ್ ಐಡಿ, ಕೀ, 5:30, ವಾಯುಭಾರಕ್ಕೆ ಎಷ್ಟು ಕೂಡಿಸಬೇಕು ಎಲ್ಲ ಇತ್ತು. ಕೆಳಗೆ ಕೆಂಪು ಶಾಯಿಯಲ್ಲಿ, ‘ಪಿನ್ ಒತ್ತಬೇಡಿ. ಮೊದಲು ಗಾಳಿ ಅಂಕಿ ಬದಲಾಗ್ತಿದೆಯಾ ನೋಡಿ.’ ಚೀಟಿಗೆ ಪ್ಲಾಸ್ಟಿಕ್ ಹೊದಿಸಿ ಪರದೆಯ ಹಿಂದೆ ಅಂಟಿಸಿದ್ದ. ನನ್ನ ಬಳಿ ಸ್ಟೇಷನ್ ಹಾಕಿಸಿಕೊಂಡ ಉಳಿದ ಐದು ಮನೆಗಳಿಗೂ ಅದೇ ನಮೂನೆಯ ಚೀಟಿ ಮಾಡಿ ಕೊಟ್ಟೆ.

ಮೇ ತಿಂಗಳಲ್ಲಿ ಒಂದು ಸಂಜೆ ಸಿಡಿಲು ಬಡಿಯಿತು. ಫೈಬರ್‌ನಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಕರೆಂಟ್ ತಂತಿಯಲ್ಲಿ ಹರಿಯುತ್ತದೆ. ಯುಪಿಎಸ್, ರೂಟರ್ ಎರಡೂ ಹೋದವು. ಮರುದಿನ ಮಧ್ಯಾಹ್ನ ಹುಡುಗರು ಇನ್ನೊಂದು ರೂಟರ್ ತಂದರು. ಅವರು ಹೊರಡುವ ಮೊದಲೇ ರೈಟರ್ ಚೀಟಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತು, ಬ್ಯಾಂಡ್ ಬೇರೆ ಮಾಡಿಸಿ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಹಾಕಿಸಿದ. ಪರದೆಯನ್ನು ಮುಟ್ಟಲೇ ಇಲ್ಲ. ನನಗೆ ವಿಷಯ ಗೊತ್ತಾಗಿದ್ದು ಎರಡು ದಿನ ಬಿಟ್ಟು, ಅದೂ ಯಜಮಾನರು ಬೇರೆ ಕೆಲಸಕ್ಕೆ ಫೋನ್ ಮಾಡಿದಾಗ. ಮಾತಿನ ಕೊನೆಗೆ ಹೇಳಿದರು, "ಮೊನ್ನೆ ರೂಟರ್ ಬದಲಾಯ್ತು. ಗಡಿಯಾರ ಸರಿಯಾಗಿದೆ, ನಾನೇ ನೋಡಿದೆ."